ಹದಿನೇಳು ಮೆಟ್ಟಿಲು

ಆಗಸ್ಟ್ ೩, ಶನಿವಾರ

ಈ ಪುಸ್ತಕವನ್ನು ನನ್ನ ಹೆಂಡತಿ ಮಾತ್ರೆಯ ಹೊತ್ತು ಬರೆದಿಟ್ಟುಕೊಳ್ಳಲೆಂದು ನಾನೇ ಹೊಲಿದು ಕೊಟ್ಟಿದ್ದೆ. ಬೈಂಡಿಂಗ್ ಅಂಗಡಿಯಲ್ಲಿ ಅಂಚು ಕತ್ತರಿಸಿ ಉಳಿದ ಕಾಗದ. ರಟ್ಟಿಗೆ ಹಸಿರು ಬಟ್ಟೆ ಅಂಟಿಸಿದ್ದೆ. ಮೊದಲ ಹನ್ನೊಂದು ಹಾಳೆಗಳಲ್ಲಿ ಅವಳ ಕೈಬರಹವಿದೆ. ಎಂಟು ಗಂಟೆ, ಬಿಳಿಯದು ಒಂದು. ಎರಡು ಗಂಟೆ, ಹಳದಿಯದು ಅರ್ಧ. ಹನ್ನೆರಡನೆಯ ಹಾಳೆ ಖಾಲಿ. ಅದನ್ನು ಹಾಗೇ ಬಿಟ್ಟು ಇಲ್ಲಿಂದ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರವಾಗುತ್ತದೆ ಎಂದು ಮಗಳು ಹೇಳಿದ್ದಾಳೆ. ಹಗುರವಾಗುವುದೋ ಇಲ್ಲವೋ, ಕಾಗದವಾದರೂ ದಂಡವಾಗುವುದಿಲ್ಲ.

ಇವತ್ತು ಡೈರೆಕ್ಟರಮ್ಮ ಫೋನ್ ಮಾಡಿದ್ದರು. ಸಿನಿಮಾ ಮುಗಿಸಬೇಕಂತೆ. ಮಾರ್ಚಿನಿಂದ ಅವರು, ಕ್ಯಾಮೆರಾದವರು ಮತ್ತು ಸೌಂಡಿನವನು, ಮೂವರೂ ನಮ್ಮ ಮನೆಗೆ ಬಂದುಹೋಗುತ್ತಿದ್ದರು. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವುದು ತಡ ಎಂದು ಹೇಳಿದವಳು ಇವಳು. ಈಗ ಅದನ್ನು ಯಂತ್ರ ಹೇಳುತ್ತದೆ. ಅದರ ಬಗ್ಗೆ ಸಾಕ್ಷ್ಯಚಿತ್ರ. ಕಥೆಯ ಸಿನಿಮಾ ಅಲ್ಲ, ನಿಜದ ಸಿನಿಮಾ ಎಂದು ಡೈರೆಕ್ಟರಮ್ಮ ಮೊದಲ ದಿನ ಹೇಳಿದಾಗ ಇವಳು, "ಹಾಗಾದ್ರೆ ನಮ್ಮೆಜಮಾನ್ರನ್ನ ತೋರಿಸ್ಬೇಡಿ, ಯಾರೂ ನಂಬಲ್ಲ" ಎಂದಿದ್ದಳು.

ಜುಲೈ ೯ರ ಮಂಗಳವಾರ, ಮಧ್ಯಾಹ್ನ ನಾಲ್ಕು ಹತ್ತರ ಸುಮಾರಿಗೆ ಹೋದಳು. ನಾನು ಕೈ ಹಿಡಿದುಕೊಂಡಿದ್ದೆ.

ಆಗಸ್ಟ್ ೫, ಸೋಮವಾರ

ಅಂಗಡಿಯಲ್ಲಿ ತಪ್ಪು ಮಾಡಿದೆ. ಹದಿನಾರು ಪುಟದ ಒಂದು ಮಡಿಕೆಗೆ ನಾವು ಫಾರಂ ಅನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದು ಕ್ರಮವಾಗಿ ಜೋಡಿಸಿ ಹೊಲಿದರೆ ಪುಸ್ತಕ. ನಾನು ಐದನೆಯದನ್ನು ಮೂರರ ಮುಂದೆ ಇಟ್ಟು ನಲವತ್ತು ಪ್ರತಿ ಹೊಲಿದುಬಿಟ್ಟಿದ್ದೆ. ಶಾಲೆಯ ಚರಿತ್ರೆ ಪುಸ್ತಕ. ಯಜಮಾನರು ಒಂದನ್ನು ತಿರುವಿ ನೋಡಿ, "ಏನಯ್ಯಾ, ಯುದ್ಧಕ್ಕಿಂತ ಮುಂಚೇನೇ ಗೆದ್ದುಬಿಟ್ರು!" ಎಂದರು. ನಗಿಸಲು ಹೇಳಿದ್ದು. ಮೂವತ್ತಾರು ವರ್ಷದಲ್ಲಿ ನನ್ನ ಕೈಯಿಂದ ಇಂಥದ್ದು ಆಗಿರಲಿಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದೆ. ಒಂದು ಸಲ ಸೂಜಿ ಬಿದ್ದ ಕಡೆ ತೂತು ಉಳಿದೇ ಉಳಿಯುತ್ತದೆ.

ಆಗಸ್ಟ್ ೧೧, ಭಾನುವಾರ

ಡೈರೆಕ್ಟರಮ್ಮ ಮತ್ತು ಸೌಂಡಿನವನು ಬಂದಿದ್ದರು. ಕ್ಯಾಮೆರಾ ಈ ಸಲ ಅವರೇ ಹಿಡಿದಿದ್ದರು. ಸೌಂಡಿನವನಿಗೆ ಇವಳು ಇಟ್ಟ ಹೆಸರು ಕಿವಿ. ಯಾವಾಗಲೂ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡಿರುತ್ತಾನೆ, ಮಾತು ಕಡಿಮೆ. ಅವನು ಇವಳನ್ನು ಅಕ್ಕ ಅನ್ನುತ್ತಿದ್ದ. ಹಾಗಾಗಿ ನಾನು ತಾನಾಗಿಯೇ ಭಾವನಾದೆ.

ನನ್ನ ಕೈಗಳ ಚಿತ್ರ ತೆಗೆದರು. ನಾನು ಕಾಗದ ಮಡಿಸುವುದು, ಕಿಟಕಿಯಿಂದ ಹೊರಗೆ ನೋಡುವುದು. ನಾನು ಹೊರಗೆ ನೋಡುವುದೇ ಇಲ್ಲ, ಅಲ್ಲಿ ಎದುರು ಮನೆಯ ಗೋಡೆ ಬಿಟ್ಟರೆ ಏನಿಲ್ಲ ಎಂದೆ.

"ಗೋಡೆ ಕಾಣಲ್ಲ ಸರ್. ನೀವು ನೋಡ್ತಿರೋದಷ್ಟೇ ಕಾಣೋದು. ಆಮೇಲೆ ಬಸ್‌ಸ್ಟ್ಯಾಂಡ್ ತೋರಿಸ್ತೀವಿ. ಜನ ತಾವೇ ಸೇರಿಸ್ಕೋತಾರೆ."

"ಅಂದ್ರೆ ನಾನು ಗೋಡೆ ನೋಡಿದ್ರೆ ಬಸ್‌ಸ್ಟ್ಯಾಂಡ್ ನೋಡಿದ ಹಾಗಾಗುತ್ತೆ."

"ಹೌದು."

"ಇದು ನಿಜದ ಸಿನಿಮಾ ಅಂದಿದ್ರಿ."

ಅವರು ಸ್ವಲ್ಪ ಹೊತ್ತು ಲೆನ್ಸು ಒರೆಸಿದರು. "ನಿಜ ಹಾಗ್ಹಾಗೇ ಇಟ್ರೆ ಯಾರೂ ಐದು ನಿಮಿಷ ಕೂರಲ್ಲ ಸರ್. ಅದಕ್ಕೂ ಒಂದು ಶುರು, ಒಂದು ನಡು, ಒಂದು ಕೊನೆ ಬೇಕು. ನಾವು ಹುಟ್ಟಿಸಲ್ಲ, ಹುಡುಕ್ತೀವಿ."

ಮೇಲಿನ ಕೋಣೆಯಲ್ಲಿ ಒಂದು ಶಾಟ್ ಬೇಕು ಎಂದರು. ನಮ್ಮದು ಇಕ್ಕಟ್ಟಾದ ಮನೆ. ಕೆಳಗೆ ಹಾಲ್, ಅಡುಗೆಮನೆ. ಮೇಲೆ ಒಂದೇ ಕೋಣೆ. ನಿಲ್ದಾಣದ ಹಾರನ್ನುಗಳು ಅಲ್ಲಿಗೆ ಕೇಳಿಸುತ್ತವೆಂದು ಇವಳು ಹಾಸಿಗೆಯನ್ನು ಅಲ್ಲೇ ಹಾಕಿಸಿಕೊಂಡಿದ್ದಳು. ನನಗೆ ಮಂಡಿ ನೋವು, ಹತ್ತಲು ಆಗುವುದಿಲ್ಲ ಎಂದೆ. ನಾನು ಹಾಲಿನಲ್ಲೇ ಮಲಗುತ್ತಿದ್ದೇನೆ. ಇಲ್ಲಿ ಗಾಳಿ ಚೆನ್ನಾಗಿದೆ.

ಹೊರಡುವ ಮುಂಚೆ ಕಿವಿ ಎಲ್ಲರೂ ಒಂದು ನಿಮಿಷ ಅಲ್ಲಾಡದೆ ನಿಲ್ಲಬೇಕು ಎಂದ. ಕೋಣೆಯ ಮೌನವನ್ನು ತುಂಬಿಕೊಳ್ಳಬೇಕಂತೆ. ಪ್ರತಿಯೊಂದು ಕೋಣೆಗೂ ಅದರದೇ ಮೌನ ಇರುತ್ತದೆ, ಮಾತಿನ ತುಂಡು ತುಂಡನ್ನು ಸೇರಿಸುವಾಗ ಅಡಿಗೆ ಅದನ್ನು ಹಾಸದಿದ್ದರೆ ಸಂದು ಗೊತ್ತಾಗುತ್ತದೆ ಎಂದ. ನಾವು ಪುಸ್ತಕದ ಬೆನ್ನಿಗೆ ತೆಳುಬಟ್ಟೆ ಅಂಟಿಸುವ ಹಾಗೆ. ಮೂವರೂ ನಿಂತೆವು. ಫ್ರಿಜ್ಜಿನ ಗುಂಯ್ ಸದ್ದು. ದೂರದಲ್ಲಿ ಯಾರೋ ಪಾತ್ರೆ ಇಟ್ಟರು. ಡೈರೆಕ್ಟರಮ್ಮ ನೆಲ ನೋಡುತ್ತಿದ್ದರು.

ಬಾಗಿಲ ಹತ್ತಿರ ಕಿವಿ, "ಭಾವ, ನಿಮ್ಮ ಹತ್ರ ಒಂದು…" ಎಂದು ನಿಲ್ಲಿಸಿದ. "ಇನ್ನೊಂದಿನ ಹೇಳ್ತೀನಿ" ಎಂದು ಹೋದ.

ಆಗಸ್ಟ್ ೧೪, ಬುಧವಾರ

ಮಗಳು ಫೋನ್ ಮಾಡಿದ್ದಳು. ಅವಳು ಬೇರೆ ಊರಿನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಮ್ಮ ಹೋದ ದಿನ ಅವಳು ಬಂದು ತಲುಪಿದಾಗ ಸಂಜೆ ಏಳು.

"ಊಟ ಮಾಡಿದ್ಯಾ ಅಪ್ಪ?" ಆಯಿತು ಎಂದೆ. "ಏನು ಮಾಡ್ದೆ?" ಅನ್ನ. "ಅನ್ನದ ಜೊತೆ?" ಅನ್ನ.

ನಕ್ಕಳು. ಆಮೇಲೆ ಅತ್ತಳು. "ನಾನಂತೂ ಇರಲಿಲ್ಲ. ನೀನು ಕೈ ಹಿಡ್ಕೊಂಡಿದ್ಯಲ್ಲ, ಅದೊಂದೇ ನಂಗೆ ಸಮಾಧಾನ. ಅದೊಂದು ಇಲ್ದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಹೂಂ ಎಂದೆ.

ಆಗಸ್ಟ್ ೨೦, ಮಂಗಳವಾರ

ಡೈರೆಕ್ಟರಮ್ಮನ ಕೆಲಸದ ಕೋಣೆಗೆ ಹೋಗಿದ್ದೆ. ಜೋಡಿಸಿದ್ದನ್ನು ಒಮ್ಮೆ ನೋಡಿ ಬನ್ನಿ ಎಂದಿದ್ದರು. ಪರದೆ ಎಳೆದ ಸಣ್ಣ ಕೋಣೆ, ಎರಡು ಕಂಪ್ಯೂಟರ್. ಒಂದು ಗೋಡೆಯ ತುಂಬ ಚೀಟಿಗಳು. ಪ್ರತಿ ಚೀಟಿಯಲ್ಲಿ ಒಂದು ದೃಶ್ಯದ ಹೆಸರು. ಮೈಕ್ ಒರೆಸುವುದು. ಕೊನೆಯ ದಿನದ ಕೆಲಸ. ಮಗಳ ಬಾಲ್ಯದ ಫೋಟೊ. ಚೀಟಿಗಳನ್ನು ಕಿತ್ತು ಆಚೆ ಈಚೆ ಅಂಟಿಸುತ್ತಾ ಹೋದರೆ ಕಥೆ ಸಿಗುತ್ತದಂತೆ. ಗೋಡೆಯ ಮೇಲೆ ಫಾರಂ ಜೋಡಿಸಿದ ಹಾಗಿತ್ತು. ನನಗೆ ಆ ಕೋಣೆ ಇಷ್ಟವಾಯಿತು.

ಮೊದಲಿಗೆ ಪರದೆಯಲ್ಲಿ ಏನೂ ಇಲ್ಲ. ಅವಳ ಮೈಕಿನ ಧ್ವನಿ ಮಾತ್ರ. "ಪ್ರಯಾಣಿಕರ ಗಮನಕ್ಕೆ." ಅಗಲವಾದ, ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಧ್ವನಿ. ಊರಿಗೆಲ್ಲ ಗೊತ್ತಿರುವುದು ಅದೇ. ಮನೆಯಲ್ಲಿ ಅವಳದು ಬೇರೆ ಧ್ವನಿ, ಸಣ್ಣದು, ಕೊನೆಯಲ್ಲಿ ಸ್ವಲ್ಪ ಎಳೆಯುವಂಥದ್ದು. ಸಿನಿಮಾದಲ್ಲಿ ಆ ಧ್ವನಿ ಎಲ್ಲೂ ಇಲ್ಲ. ಕ್ಯಾಮೆರಾ ಕಂಡರೆ ಸಾಕು, ಅವಳಿಗೆ ಮೈಕಿನ ಧ್ವನಿಯೇ ಬರುತ್ತಿತ್ತು.

ನಿಲ್ದಾಣದಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಾಳೆ. ಇವಳ ಕೊನೆಯ ದಿನದ ಮಾತು ಕೇಳಿ ಅತ್ತ ಹಾಗೆ ಕಾಣುತ್ತದೆ. ಆ ಹೆಂಗಸು ಯಾರು ಎಂದು ಕೇಳಿದೆ. "ಗೊತ್ತಿಲ್ಲ ಸರ್. ಬೇರೆ ದಿನದ್ದು. ಕಣ್ಣಿಗೆ ಧೂಳು ಬಿದ್ದಿತ್ತು ಅನ್ಸುತ್ತೆ" ಎಂದರು. ತಪ್ಪೊಪ್ಪಿಕೊಂಡಂತೆ ನಕ್ಕರು. ನಾನೂ ನಕ್ಕೆ.

ಆಮೇಲೆ ಮೆಟ್ಟಿಲು ಬಂತು. ನಾನು ಫ್ಲಾಸ್ಕ್ ಹಿಡಿದು ಹತ್ತುತ್ತಿದ್ದೇನೆ. ಬೆನ್ನ ಮೇಲೆ ಬೆಳಕು. ನಿಧಾನವಾಗಿ ಪಿಟೀಲು. ಮೇಲಿನ ಬಾಗಿಲು ತಲುಪುವ ಹೊತ್ತಿಗೆ ಚಿತ್ರ ಬದಲಾಗಿ ಅವಳ ಕೈ, ಅದನ್ನು ಹಿಡಿದ ನನ್ನ ಕೈ. ಬಹಳ ಹತ್ತಿರದಿಂದ. ತುಂಬ ಹೊತ್ತು ಹಾಗೇ ಇತ್ತು. ಆಮೇಲೆ ಖಾಲಿ ಹಾಸಿಗೆ.

ಆ ಕೈಯ ಚಿತ್ರ ಮೇ ತಿಂಗಳದ್ದು. ಅವಳ ಉಗುರು ಕತ್ತರಿಸುತ್ತಿದ್ದೆ. ನನ್ನ ಇನ್ನೊಂದು ಕೈಯಲ್ಲಿ ನೇಲ್ ಕಟರ್ ಇತ್ತು, ಚಿತ್ರದಲ್ಲಿ ಅದು ಕಾಣದ ಹಾಗೆ ಅಂಚು ಕತ್ತರಿಸಿದ್ದಾರೆ. "ಮೆತ್ತಗೆ ರೀ, ಅದು ರಟ್ಟಲ್ಲ ಬೆರಳು" ಎಂದು ಅವಳು ಬೈದಿದ್ದಳು. ಅದನ್ನೂ ಕತ್ತರಿಸಿ ಹಾಕಿದ್ದಾರೆ.

ದೀಪ ಹಾಕಿದ ಮೇಲೆ ಡೈರೆಕ್ಟರಮ್ಮ ನನ್ನ ಮುಖ ನೋಡಲಿಲ್ಲ. "ಇದರಲ್ಲಿ ನಿಮ್ಮದಲ್ಲದ್ದು ಯಾವುದೂ ಇಲ್ಲ ಸರ್. ಮೆಟ್ಟಿಲೂ ನಿಮ್ದೇ, ಕೈಯೂ ನಿಮ್ದೇ" ಎಂದರು. ಆಮೇಲೆ ಮೆಲ್ಲಗೆ, "ಬೇಡ ಅಂದ್ರೆ ಹೇಳಿ" ಎಂದರು.

ಚೆನ್ನಾಗಿದೆ ಎಂದೆ.

ಆಗಸ್ಟ್ ೨೧, ಬುಧವಾರ

ಚೆನ್ನಾಗಿಯೇ ಇದೆ.

ಆಗಸ್ಟ್ ೨೯, ಗುರುವಾರ

ಹಿಂದಿನ ಹಾಳೆಗಳನ್ನು ಓದಿದೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಕಿತ್ತು ಹಾಕಬಹುದಿತ್ತು. ಆದರೆ ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ, ಮತ್ತು ಅದರ ಜೋಡಿ ಅವಳದು. ಹಾಗಾಗಿ ಅದು ಅಲ್ಲೇ ಇರಲಿ, ಆದದ್ದನ್ನು ಇಲ್ಲಿ ಬರೆಯುತ್ತೇನೆ.

ಜುಲೈ ೯ರ ಆ ಬೆಳಿಗ್ಗೆ ಅವಳು ಗೆಲುವಾಗಿದ್ದಳು. ಡಾಕ್ಟರು ಇನ್ನೂ ಕೆಲವು ವಾರ ಎಂದಿದ್ದರು. ಬೆಳಿಗ್ಗೆ ಕ್ಯಾಮೆರಾದ ಮುಂದೆ ಅರ್ಧ ಗಂಟೆ ಮಾತಾಡಿ ದಣಿದು ಮಲಗಿದಳು. ಮೂರೂವರೆ ದಾಟಿದ ಮೇಲೆ, ನಾನು ಅವಳಿಗೆ ಚಹಾ ಒಯ್ಯುವುದನ್ನು ತೆಗೆಯೋಣ ಎಂದರು ಡೈರೆಕ್ಟರಮ್ಮ. ಮೂವರೂ ಕೆಳಗೆ ನಿಂತರು. ನಾನು ಹದಿನೇಳು ಮೆಟ್ಟಿಲು ಹತ್ತಿ, ಬಾಗಿಲ ತನಕ ಹೋಗಿ, ತೆರೆಯದೆ ಇಳಿದುಬರಬೇಕು. ಮೊದಲ ಸಲ ನಾನು ಕ್ಯಾಮೆರಾ ನೋಡಿಬಿಟ್ಟೆ. ಎರಡನೆಯ ಸಲ ಹೊರಗೆ ಮೋಟಾರು ಬೈಕಿನ ಸದ್ದು. ಮೂರನೆಯ ಸಲ ಸರಿಹೋಯಿತು. "ಸಾಕು ಸರ್, ಮೇಲೆ ಹೋಗಿ, ಮೇಡಂಗೆ ಚಹಾ ಕೊಡಿ" ಎಂದರು.

ನಾನು ಹೋಗಲಿಲ್ಲ. ಮೊದಲೆರಡು ಸಲ ಫ್ಲಾಸ್ಕ್ ಬಲಗೈಯಲ್ಲಿತ್ತು, ಮೂರನೆಯ ಸಲ ಎಡಗೈಗೆ ಬಂದಿದೆ, ಜೋಡಿಸುವಾಗ ಹೊಂದುವುದಿಲ್ಲ, ಇನ್ನೊಂದು ಸಲ ಮಾಡುತ್ತೇನೆ ಎಂದೆ. ನಾನು. ಅವರಲ್ಲ. ಡೈರೆಕ್ಟರಮ್ಮ, "ಅಯ್ಯೋ, ನಾನೇ ಗಮನಿಸಿರ್ಲಿಲ್ಲ. ನೀವೇ ಎಡಿಟರ್ ಆಗಿಬಿಡಿ ಸರ್!" ಎಂದರು. ನನಗೆ ಖುಷಿಯಾಯಿತು. ತಲೆಗೂದಲು ಸರಿಮಾಡಿಕೊಂಡೆ. ಇದನ್ನು ಬರೆಯಲೇಬೇಕು, ತಲೆಗೂದಲು ಸರಿಮಾಡಿಕೊಂಡೆ.

ಕ್ಯಾಮೆರಾ ಮತ್ತೆ ಹೂಡಲು ಏಳೆಂಟು ನಿಮಿಷ ಬೇಕಾಯಿತು. ನಾಲ್ಕನೆಯ ಸಲ ಹತ್ತಿ ಬಾಗಿಲು ತೆರೆದೆ. ಅವಳು ಆಗಲೇ ಹೋಗಿದ್ದಳು.

ಫೋನಿನಲ್ಲಿ ಮಗಳು ಮೊದಲು ಕೇಳಿದ್ದು, "ಹತ್ರ ಇದ್ಯಾ ಅಪ್ಪ?" ಇದ್ದೆ ಎಂದೆ. "ಕೈ ಹಿಡ್ಕೊಂಡಿದ್ಯಾ?" ಹೂಂ ಎಂದೆ. ಬಾಗಿಲು ತೆರೆದ ಮೇಲೆ ಹಿಡಿದುಕೊಂಡಿದ್ದೆನಲ್ಲ. ಕ್ರಮ ಮಾತ್ರ ಹಿಂದೆ ಮುಂದೆ ಮಾಡಿದೆ. ಡೈರೆಕ್ಟರಮ್ಮನಿಗಿಂತ ಮುಂಚೆ ಈ ಸಿನಿಮಾ ಜೋಡಿಸಿದವನು ನಾನು.

ಸೆಪ್ಟೆಂಬರ್ ೨, ಸೋಮವಾರ

ಕಿವಿ ಅಂಗಡಿಗೆ ಬಂದಿದ್ದ. ಹೆಡ್‌ಫೋನ್ ಇಲ್ಲದೆ ಅವನ ತಲೆ ಸಣ್ಣದಾಗಿ ಕಂಡಿತು. ಕಾಗದದ ಕಟ್ಟಿನ ಮೇಲೆ ಕೂರಿಸಿದೆ.

"ಭಾವ, ಆವತ್ತು ಬೆಳಿಗ್ಗೆ ಅಕ್ಕನ ಸೀರೆಗೆ ಒಂದು ಸಣ್ಣ ಮೈಕ್ ಸಿಕ್ಕಿಸಿದ್ದೆ. ಮಾತು ಮುಗಿದ್ಮೇಲೆ ಅಕ್ಕ ಅದನ್ನ ತೆಗೆದು ದಿಂಬಿನ ಪಕ್ಕ ಇಟ್ಟಿದ್ರು. ನಾನು ಇಸ್ಕೊಳ್ಳೋದು ಮರೆತೆ. ಅದು ಅದರ ಡಬ್ಬಿಯಲ್ಲೇ ರೆಕಾರ್ಡ್ ಮಾಡ್ಕೊಳ್ಳುತ್ತೆ. ಸಂಜೆ ತನಕ ಆನ್ ಇತ್ತು."

ನಾನು ಸೂಜಿಗೆ ದಾರ ಏರಿಸುತ್ತಿದ್ದೆ. ಏರಲಿಲ್ಲ.

"ಡೈರೆಕ್ಟರ್‌ಗೂ ಹೇಳಿಲ್ಲ. ನಿಮ್ದು ಅದು. ಅಳಿಸು ಅಂದ್ರೆ ಅಳಿಸ್ತೀನಿ. ಕೇಳ್ತೀನಿ ಅಂದ್ರೆ ಕೇಳಿಸ್ತೀನಿ."

"ನೀನು ಕೇಳಿದ್ಯಾ?"

"ಕೇಳದೆ ಏನು ಅಂತ ಗೊತ್ತಾಗೋದು ಹೇಗೆ ಭಾವ."

"ನನ್ನ ಕರೆದಿದ್ದಾಳಾ?"

ಅವನು ತಲೆ ಅಲ್ಲಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಬೇಡ, ಹೋಗು ಎಂದೆ. ಹೋದ. ಅವನ ಚಹಾ ಹಾಗೇ ಆರಿತ್ತು.

ಸೆಪ್ಟೆಂಬರ್ ೫, ಗುರುವಾರ

ಕರೆದಿದ್ದರೆ ಕೆಳಗೆ ಕೇಳಿಸುತ್ತಿತ್ತು.

ಕೇಳಿಸುತ್ತಿರಲಿಲ್ಲ. ಅವಳ ಧ್ವನಿಗೆ ಅಷ್ಟು ಶಕ್ತಿ ಇರಲಿಲ್ಲ.

ಸೆಪ್ಟೆಂಬರ್ ೮, ಭಾನುವಾರ

ಮಗಳು ಬಂದಿದ್ದಳು. ಬಂದವಳೇ ಪೊರಕೆ ಹಿಡಿದು ಮೇಲೆ ಹೋದಳು. ಎರಡು ತಿಂಗಳ ಧೂಳು. "ಅಪ್ಪ, ಈ ಕಿಟಕಿ ಯಾಕೆ ಮುಚ್ಚಿದ್ದೀಯಾ?" "ಅಪ್ಪ, ಅಮ್ಮನ ಶಾಲು ಎಲ್ಲಿ?" ಎಂದು ಮೇಲಿನಿಂದಲೇ ಕೂಗುತ್ತಿದ್ದಳು. ನಾನು ಉತ್ತರ ಹೇಳಲು ಏಳನೆಯ ಮೆಟ್ಟಿಲಿನವರೆಗೆ ಹೋಗಿ ಅಲ್ಲೇ ನಿಂತೆ.

ಇಳಿದು ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಕೂದಲಲ್ಲಿ ಜೇಡರ ಬಲೆ. ಇಪ್ಪತ್ತೆರಡಕ್ಕೆ ಸಿನಿಮಾ ತೋರಿಸುತ್ತಾರೆ, ರಜೆ ಹಾಕಿದ್ದೇನೆ, ಕೆಲಸದ ಜಾಗದಿಂದ ನಾಲ್ಕು ಜನ ಗೆಳತಿಯರೂ ಬರುತ್ತಾರೆ ಎಂದಳು.

"ಆ ಸಿನಿಮಾದಲ್ಲಿ ಒಂದು ಕೈ ಬರುತ್ತೆ" ಎಂದೆ.

"ಗೊತ್ತು. ಡೈರೆಕ್ಟರ್ ಹೇಳಿದ್ರು. ಅದು ಬಂದಾಗ ನಾನು ಕಣ್ಣು ಮುಚ್ಕೋತೀನೋ ಏನೋ." ನನ್ನ ಕೈಯನ್ನೆತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಗೋಂದು ಹತ್ತಿ ಗಟ್ಟಿಯಾದ ಉಗುರುಗಳನ್ನು ಕೆರೆಯತೊಡಗಿದಳು. "ಕೊಳಕು ಕೈ. ಆದ್ರೂ ನಂಗೆ ಇದನ್ನ ನೋಡಿದ್ರೆ ಸಾಕು."

ಹೇಳಲಿಲ್ಲ. ಬಸ್ಸಿಗೆ ಹತ್ತಿಸಿ ಬಂದೆ. ನಿಲ್ದಾಣದಲ್ಲಿ ಯಂತ್ರ ಅವಳ ಬಸ್ಸು ಹೊರಟು ಐದು ನಿಮಿಷದ ಮೇಲೆ, ಈಗ ಹೊರಡಲಿದೆ ಎಂದಿತು.

ಸೆಪ್ಟೆಂಬರ್ ೧೦, ಮಂಗಳವಾರ

ಅಂಗಡಿ ಬಿಟ್ಟು ನೇರ ಕಿವಿಯ ಮನೆಗೆ ಹೋದೆ. ಇನ್ನೂ ಬಿಸಿಲಿತ್ತು. ಅವನು ಕುರ್ಚಿ ಕೊಟ್ಟು, ನನ್ನ ತಲೆಗೆ ಹೆಡ್‌ಫೋನ್ ಹಾಕಿ, ಕಿವಿಯ ಮೇಲೆ ಸರಿಮಾಡಿ ಕೂರಿಸಿದ, ಮಗುವಿಗೆ ಟೋಪಿ ಹಾಕುವ ಹಾಗೆ.

ಮೊದಲು ಫ್ಯಾನಿನ ಸದ್ದು. ನಮ್ಮ ಮೇಲಿನ ಕೋಣೆಯ ಫ್ಯಾನು, ಸುತ್ತಿಗೊಮ್ಮೆ ಟಿಕ್ ಅನ್ನುತ್ತದೆ. ಅದರ ಅಡಿಯಲ್ಲಿ ಅವಳ ಉಸಿರು. ಒಳಗೆ ಹೋಗುವುದು ಬೇಗ, ಹೊರಗೆ ಬರುವುದು ನಿಧಾನ. ನಾನು ಇದನ್ನು ಮರೆತಿದ್ದೆ. ಮರೆತಿದ್ದೇನೆ ಎನ್ನುವುದೂ ಗೊತ್ತಿರಲಿಲ್ಲ.

ಆಮೇಲೆ ದೂರದಿಂದ ಹೆಜ್ಜೆಗಳು. ನನ್ನವೇ. ಎಡಗಾಲು ಸ್ವಲ್ಪ ಎಳೆಯುತ್ತದೆ. ಎಣಿಸಿದೆ. ಹದಿನೇಳು. ನಿಂತವು. ಇಳಿದುಹೋದವು. ಅವಳು ಏನೂ ಅನ್ನಲಿಲ್ಲ. ಹಾಸಿಗೆ ಕಿರ್ ಎಂದಿತು, ಬಾಗಿಲ ಕಡೆ ಹೊರಳಿರಬೇಕು.

ಎರಡನೆಯ ಸಲ ಹತ್ತಿದೆ. ಇಳಿದೆ. "ಪಾಪ" ಎಂದಳು.

ಮೂರನೆಯ ಸಲ ಹತ್ತಿದೆ. ಹೆಜ್ಜೆ ಬಾಗಿಲ ಹತ್ತಿರ ಬಂದಾಗ ಅವಳ ಧ್ವನಿ. ಮೈಕಿನದಲ್ಲ. ಮನೆಯದು, ಸಣ್ಣದು, ಕೊನೆಯಲ್ಲಿ ಎಳೆಯುವಂಥದ್ದು.

"ಬಂತು…"

ಹೆಜ್ಜೆ ಇಳಿಯತೊಡಗಿತು.

"ಇಲ್ಲ, ಮತ್ತೆ ಹೋಯ್ತು. ಲೇಟ್ ಗಾಡಿ."

ಮೂಗಿನಿಂದ ಒಂದು ಸಣ್ಣ ನಗು.

ಮದುವೆಯಾದ ಹೊಸದರಲ್ಲಿ ನನಗೆ ಆ ಹೆಸರಿಟ್ಟಿದ್ದಳು. ಎಲ್ಲಿಗೆ ಹೋಗುವುದಿದ್ದರೂ ನಾನು ಕೊನೆಗೆ ಹೊರಡುವವನು. "ಏಳ್ರೀ ಲೇಟ್ ಗಾಡಿ" ಎಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. ಬೇರೆ ಯಾರ ಮುಂದೆಯೂ ಹಾಗೆ ಕರೆದವಳಲ್ಲ.

ಆಮೇಲೆ ಫ್ಯಾನು. ಉಸಿರು. ಕೆಳಗೆ ಯಾರೋ ನಕ್ಕರು, ಡೈರೆಕ್ಟರಮ್ಮನ ಮಾತು, ನನ್ನ ಮಾತು, ಏನೆಂದು ತಿಳಿಯುವುದಿಲ್ಲ. ಉಸಿರು ಯಾವಾಗ ನಿಂತಿತು ಎಂದು ನನಗೆ ಹೇಳಲಾಗುವುದಿಲ್ಲ. ಅದಿದೆ ಎಂದುಕೊಂಡೇ ಕೇಳುತ್ತಿದ್ದೆ, ಕೇಳುತ್ತಾ ಕೇಳುತ್ತಾ ಬರೀ ಫ್ಯಾನು. ಆಮೇಲೆ ನಾಲ್ಕನೆಯ ಸಲದ ಹೆಜ್ಜೆಗಳು. ಹನ್ನೆರಡು ಎಣಿಸುವ ಹೊತ್ತಿಗೆ ಕಿವಿ ಕೈಚಾಚಿ ನಿಲ್ಲಿಸಿದ.

"ಮುಂದಿನದು ನಿಮಗೆ ಗೊತ್ತಲ್ಲ ಭಾವ" ಎಂದ.

ಅವನ ಹೆಂಡತಿ ಒಂದು ಲೋಟ ನೀರು ತಂದಿಟ್ಟು ಹೋದರು.

ಸೆಪ್ಟೆಂಬರ್ ೧೧, ಬುಧವಾರ

ಡೈರೆಕ್ಟರಮ್ಮನ ಕೋಣೆಗೆ ಕಿವಿಯೂ ನಾನೂ ಹೋದೆವು. ಅವರಿಗೂ ಕೇಳಿಸಿದ. ಅವರು ಮೇಜಿಗೆ ಹಣೆಯಿಟ್ಟು ಕೇಳಿದರು. ಮುಗಿದ ಮೇಲೂ ಎದ್ದೇಳಲಿಲ್ಲ.

"ನಾನು ನಿಮ್ಮನ್ನ ನಾಲ್ಕನೇ ಸಲ ಹತ್ತಿಸ್ಬಾರ್ದಿತ್ತು ಸರ್. ಎರಡು ತಿಂಗಳಿಂದ ಅದೇ. ಅದಕ್ಕೇ ಆ ಕೈ ಅಲ್ಲಿಟ್ಟೆ. ನಿಮಗೋಸ್ಕರ ಅಂದ್ಕೊಂಡಿದ್ದೆ. ನನಗೋಸ್ಕರಾನೂ ಇರ್ಬೇಕು."

"ನೀವಲ್ಲ ಹತ್ತಿಸಿದ್ದು. ನೀವು ಸಾಕು ಅಂದ್ರಿ. ಫ್ಲಾಸ್ಕ್ ಕೈ ಬದಲಾಗಿದೆ ಅಂದೋನು ನಾನು."

ತಲೆ ಎತ್ತಿದರು. "ಇಲ್ಲ, ನಾನೇ…"

"ನಿಮ್ಮ ಕ್ಯಾಮೆರಾದಲ್ಲಿ ಇರ್ಬೇಕಲ್ಲ. ನೋಡಿ."

ಹುಡುಕಿ ನೋಡಿದರು. ಇತ್ತು. ಪರದೆಯ ಅಂಚಿನಲ್ಲಿ ನಾನು, ಫ್ಲಾಸ್ಕ್ ಎತ್ತಿ ತೋರಿಸುತ್ತಿದ್ದೇನೆ. ಆಮೇಲೆ ತಲೆಗೂದಲು. ಅವರು ಅಲ್ಲಿಗೇ ನಿಲ್ಲಿಸಿ ನನ್ನ ಭುಜದ ಮೇಲೆ ಕೈಯಿಟ್ಟರು.

ಗೋಡೆಯ ಹತ್ತಿರ ಹೋಗಿ 'ಕೈ' ಎಂದಿದ್ದ ಚೀಟಿಯನ್ನು ಕಿತ್ತೆ. ಅದನ್ನು ಮೇ ತಿಂಗಳ ಸಾಲಿನಲ್ಲಿ, ಉಗುರಿನ ಜಾಗಕ್ಕೆ ಅಂಟಿಸಿದೆ. ಕಟರೂ ಕಾಣಲಿ, ಬೈಗುಳವೂ ಕೇಳಲಿ ಎಂದೆ. ಮೆಟ್ಟಿಲಿನ ಪಕ್ಕ ಈಗ ಖಾಲಿ.

"ಅಲ್ಲಿ ಏನು ಹಾಕೋದು ಸರ್? ಕೊನೆಯೇ ಇಲ್ವಲ್ಲ."

ಕಿವಿ ಗೋಡೆಯ ಹತ್ತಿರ ಬಂದ. "ಮೆಟ್ಟಿಲು ತೋರಿಸೋದು ಬೇಡ. ಕೋಣೆಯೊಳಗೇ ಇರೋಣ. ಮುಚ್ಚಿದ ಬಾಗಿಲು. ಅಕ್ಕನಿಗೆ ಕೇಳಿಸಿದ್ದೇ ಜನಕ್ಕೂ ಕೇಳಿಸ್ಲಿ. ನಾಲ್ಕನೇ ಸಲದ ಹೆಜ್ಜೆ ಬಾಗಿಲ ತನಕ ಬರಲಿ, ಸಾಕು."

ಡೈರೆಕ್ಟರಮ್ಮ ಚೀಟಿ ಬರೆಯಲು ಹೋದರು. ನಾನು ತಡೆದೆ. ಮಗಳಿಗೆ ಮೊದಲು ಹೇಳಬೇಕು. ಅವಳು ಬೇಡ ಎಂದರೆ ಇದೂ ಬೇಡ, ಕೈಯೂ ಬೇಡ. ಅವಳಿಗೆ ಇರುವುದು ಅದೊಂದೇ, ಅದನ್ನು ಕಸಿದುಕೊಳ್ಳುವುದಕ್ಕೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಹಕ್ಕಿಲ್ಲ. ನನಗಾದರೂ ಇದೆಯೋ ಇಲ್ಲವೋ.

ಸೆಪ್ಟೆಂಬರ್ ೧೫, ಭಾನುವಾರ

ಮಗಳನ್ನು ಕರೆಸಿದ್ದೆ. ಹತ್ತು ಗಂಟೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ, ಕೂತರೆ ಹೇಳಲಾಗುವುದಿಲ್ಲ ಎಂದು. ಒಂದನ್ನೂ ಬಿಡಲಿಲ್ಲ. ಫ್ಲಾಸ್ಕ್, ಎಡಗೈ, ಬಲಗೈ, ಕೂದಲು.

ಅವಳು ಗೋಡೆಗೆ ಒರಗಿ ನಿಂತಳು. ಒಂದು ಚಪ್ಪಲಿ ಕಾಲಲ್ಲೇ ಇತ್ತು.

"ಎರಡು ತಿಂಗಳು ನಾನು ಆ ಕೈ ಹಿಡ್ಕೊಂಡು ಮಲಗಿದೀನಿ ಅಪ್ಪ."

"ಗೊತ್ತು."

"ಏನು ಗೊತ್ತು ನಿಂಗೆ? ನಾನು ಎಲ್ರಿಗೂ ಹೇಳ್ಕೊಂಡು ತಿರುಗಿದೀನಿ. ಅಮ್ಮ ಒಬ್ಳೇ ಇರ್ಲಿಲ್ಲ, ಅಪ್ಪ ಇದ್ರು ಅಂತ. ಸಿನಿಮಾದವ್ರು ಸುಳ್ಳು ಹೇಳಿದ್ರೆ ಅದು ಅವ್ರ ಕಸುಬು. ನಿಂಗೇನಾಗಿತ್ತು?"

ಅದು ಅವರ ಕಸುಬಲ್ಲ ಎಂದು ಹೇಳಬೇಕೆನಿಸಿತು. ಕಿವಿ ಕೊಟ್ಟಿದ್ದ ಸಣ್ಣ ಡಬ್ಬಿಯನ್ನೂ ಹೆಡ್‌ಫೋನನ್ನೂ ಮುಂದೆ ಹಿಡಿದೆ. ಇದರಲ್ಲಿ ಅಮ್ಮ ಇದ್ದಾಳೆ, ಬೇಕಿದ್ದರೆ ಕೇಳು, ಬೇಡವಾದರೆ ಬಿಡು ಎಂದೆ. ಕಿತ್ತುಕೊಂಡು ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಾಯಿತು.

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ. ಬೇರೇನು ಮಾಡಲಿ. ಕುದಿಸಿದೆ, ಸೋಸಿದೆ, ಫ್ಲಾಸ್ಕಿಗೆ ಹಾಕಿದೆ. ಮೇಲಿನಿಂದ ಏನೂ ಕೇಳಿಸಲಿಲ್ಲ. ಕೆಳಗಿದ್ದರೆ ಮೇಲಿನದು ಏನೂ ಕೇಳಿಸುವುದಿಲ್ಲ, ಅದು ನಿಜವೇ.

ಮುಕ್ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯಿತು.

"ಅಪ್ಪ."

"ಹಾಂ."

"ಅಮ್ಮ ಮೂವತ್ತೊಂದು ವರ್ಷದಲ್ಲಿ ಒಂದಿನ ಆದ್ರೂ ಮೈಕ್ ಆಫ್ ಮಾಡೋದು ಮರೆತಿದ್ದು ಇದ್ಯಾ?"

ಇಲ್ಲ. ಆ ವಿಷಯದಲ್ಲಿ ಅವಳು ಬಹಳ ಖಡಕ್ಕು. ಮೈಕಿನ ಕೆಂಪು ದೀಪ ಆರಿತೇ ಎಂದು ಎರಡು ಸಲ ನೋಡಿ ಏಳುತ್ತಿದ್ದಳು. ಕಿವಿಯ ಆ ಸಣ್ಣ ಮೈಕಿಗೂ ಕೆಂಪು ದೀಪವಿದೆ.

ಮೆಟ್ಟಿಲ ಕೆಳಗೆ ನಿಂತು ಇದನ್ನೇ ಹೇಳಿದೆ. ಅವಳು ಮೂಗು ಸೀನಿಕೊಂಡಳು.

"ನಿನ್ನ ಮೇಲೆ ನಂಗೆ ಇನ್ನೂ ಸಿಟ್ಟಿದೆ."

"ಇರಲಿ."

"ಡೈರೆಕ್ಟರ್‌ಗೆ ಹೇಳು, ಹಾಕ್ಲಿ. ಪಿಟೀಲು ಗಿಟೀಲು ಏನೂ ಬೇಡ." ಬಾಗಿಲು ಮತ್ತೆ ಅರ್ಧ ಮುಚ್ಚಿತು. ಆಮೇಲೆ ಒಳಗಿನಿಂದ, "ಅಪ್ಪ, ಹತ್ತಿ ಬಾ. ಬಾಗಿಲ ತನಕ ಮಾತ್ರ. ಅಮ್ಮನಿಗೆ ಹೇಗೆ ಕೇಳಿಸ್ತಿತ್ತೋ ನಂಗೆ ಕೇಳ್ಬೇಕು."

ಫ್ಲಾಸ್ಕ್ ತೆಗೆದುಕೊಂಡು ಹತ್ತಿದೆ. ಏಳನೆಯದು ದಾಟಿದ್ದು ಗೊತ್ತಾಗಲಿಲ್ಲ. ಬಾಗಿಲ ಮುಂದೆ ನಿಂತೆ. ಆಚೆಗೆ ಫ್ಯಾನಿನ ಟಿಕ್ ಸದ್ದು.

"ಇಳಿ" ಎಂದಳು. ಇಳಿದೆ.

"ಇನ್ನೊಂದ್ಸಲ."

ಎರಡನೆಯ ಸಲ ಹತ್ತಿದೆ. ಇಳಿದೆ. ಮಂಡಿ ನೋಯುತ್ತಿತ್ತು. ಮೂರನೆಯ ಸಲ ಬಾಗಿಲ ಹತ್ತಿರ ಬಂದಾಗ ಅವಳು ಅಳುವುದು ಕೇಳಿಸಿತು, ದೊಡ್ಡದಾಗಿ, ಚಿಕ್ಕವಳಿದ್ದಾಗ ಅಳುತ್ತಿದ್ದಂತೆ. ನಿಲ್ಲಲೇ ಎಂದು ಕೇಳಿದೆ. ಇಳಿ ಎಂದಳು. ಇಳಿದೆ. ಕೆಳಗೆ ನಿಂತು ಸ್ವಲ್ಪ ಸುಧಾರಿಸಿಕೊಂಡೆ. ಅವಳು ಕರೆಯಲಿಲ್ಲ. ನಾನೇ ಹತ್ತತೊಡಗಿದೆ, ಫ್ಲಾಸ್ಕ್ ಯಾವ ಕೈಯಲ್ಲಿತ್ತೋ ನೆನಪಿಲ್ಲ.

ನಾಲ್ಕನೆಯ ಸಲ ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲಲ್ಲಿ ನಿಂತಿದ್ದಳು, ಮುಖ ಊದಿತ್ತು. ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ನೋಡಿದಳು. ನನ್ನ ಅಂಗಿಯ ತೋಳಿನ ಮೇಲೆ ಚಹಾ ಸುರಿದಿತ್ತು.

"ಮುಚ್ಚಳ ಸರಿಯಾಗಿ ಹಾಕೋದು ಯಾವತ್ತು ಕಲೀತೀಯಾ ಅಪ್ಪ" ಎಂದು ತಿರುಗಿಸಿ ಗಟ್ಟಿ ಮಾಡಿದಳು.

ಮಗಳು ಅಮ್ಮನ ಮಂಚದ ಮೇಲೆ ನಿದ್ದೆ ಹೋಗಿದ್ದಾಳೆ. ಐದು ಗಂಟೆಯ ಬಸ್ಸಿಗೆ ಎಬ್ಬಿಸಬೇಕು. ಬರೆಯುವುದಕ್ಕೆ ಈ ಕಿಟಕಿಯ ಬೆಳಕು ಚೆನ್ನಾಗಿದೆ. ನಿಲ್ದಾಣದ ಕಡೆಯಿಂದ ಹಾರನ್ನುಗಳು ಕೇಳಿಸುತ್ತಿವೆ.